ನಮ್ಮ ಹೆಸರಿನ ಲೆಕ್ಕ ನಮ್ಮ ಮುಂದೆ ಓದಲಿ



ಸಂಜೆ ಎಲೆ ತೂಗುವಾಗ ನಾವು ತಕ್ಕಡಿಯ ಪಕ್ಕದಲ್ಲೇ ನಿಲ್ಲುತ್ತೇವೆ. ಎಷ್ಟು ಕಿಲೋ ಬಂತು, ಪುಸ್ತಕದಲ್ಲಿ ಎಷ್ಟು ಬರೆದರು ಎಂದು ಓದು ಬಾರದ ಅಜ್ಜಿಯೂ ಕತ್ತು ಚಾಚಿ ನೋಡುತ್ತಾಳೆ. ಅದನ್ನು ಯಾರೂ ಉದ್ಧಟತನ ಎನ್ನುವುದಿಲ್ಲ. ಆದರೆ ಲೈನಿನ ಮಕ್ಕಳ ಶಿಶುವಿಹಾರಕ್ಕೆಂದು ಒಂದು ಸಂಸ್ಥೆ ಸರಕಾರದಿಂದ ಅನುದಾನ ತಂದಾಗ ಅದರ ಲೆಕ್ಕ ಕೇಳಿ ನೋಡಿ. “ಆಡಿಟ್ ಆಗಿದೆ, ನಿಮಗೇಕೆ?” ಎನ್ನುತ್ತಾರೆ.

ನಮಗೇಕೆಂದರೆ, ಆ ಲೆಕ್ಕ ನಮ್ಮ ಹೆಸರಿನಲ್ಲಿಯೇ ಹೋಗುತ್ತದೆ.

ಕೇಂದ್ರ ಸರಕಾರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ಹಣ ಪಡೆದ ಸಂಸ್ಥೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಒಮ್ಮೆ ಮಾತ್ರ ಕೊಡುವ ಅನುದಾನವಾದರೆ ಹಣಕಾಸಿನ ವರ್ಷ ಮುಗಿದ 12 ತಿಂಗಳೊಳಗೆ ಅದು ತಲುಪಬೇಕು. ಅದರ ನಮೂನೆ 12-ಎ. ಹಿಂದಿನ ವರ್ಷ ಉಳಿದದ್ದೆಷ್ಟು, ಬಂದದ್ದೆಷ್ಟು, ಅದಕ್ಕೆ ಹುಟ್ಟಿದ ಬಡ್ಡಿ ಎಷ್ಟು, ಖರ್ಚೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. (ಆ ಬಡ್ಡಿಯೂ ಸಂಸ್ಥೆಯದಲ್ಲ, ಸರಕಾರಕ್ಕೆ ಹಿಂದಿರುಗಬೇಕು.) ಅಂಕಿಗಳ ಕೆಳಗೆ ಕೆಲವು ದೃಢೀಕರಣಗಳಿವೆ. ಅವುಗಳಲ್ಲಿ ಒಂದು, ಯೋಜನೆಯ ಪ್ರಯೋಜನ ಅದು ಯಾರಿಗೆ ಉದ್ದೇಶವಾಗಿತ್ತೋ ಅವರಿಗೇ ತಲುಪಿದೆ ಎಂಬುದು. ಸಂಸ್ಥೆಯ ಹಣಕಾಸಿನ ಮುಖ್ಯಸ್ಥರೂ ಸಂಸ್ಥೆಯ ಮುಖ್ಯಸ್ಥರೂ ಅದರ ಕೆಳಗೆ ಸಹಿ ಹಾಕುತ್ತಾರೆ.

ತಲುಪಿದೆಯೋ ಇಲ್ಲವೋ ಬಲ್ಲವರು ಯಾರು? ಮಗುವನ್ನು ಬಿಟ್ಟು ಬೆಟ್ಟಕ್ಕೆ ಹೋಗುವ ತಾಯಿ. ಅವಳ ಸಹಿಗೆ ಆ ಕಾಗದದಲ್ಲಿ ಜಾಗವಿಲ್ಲ. ಆಡಿಟರ್ ಹಾಲಿನ ಬಿಲ್ಲು ನೋಡುತ್ತಾರೆ, ಬಿಲ್ಲು ಸರಿಯಾಗಿಯೇ ಇರಬಹುದು. ಹಾಲು ಯಾರ ಲೋಟಕ್ಕೆ ಹೋಯಿತೆಂದು ಬಿಲ್ಲು ಹೇಳುವುದಿಲ್ಲ. ಆಡಿಟ್ ಬೇಡವೆಂದು ನಾವು ಹೇಳುತ್ತಿಲ್ಲ. ಅನುದಾನ ಪಡೆದ ಸಂಸ್ಥೆಯ ಲೆಕ್ಕವನ್ನು ಹಣ ಕೊಟ್ಟ ಇಲಾಖೆಯೂ ಮಹಾಲೆಕ್ಕ ಪರಿಶೋಧಕರೂ ತೆರೆದು ನೋಡಬಹುದೆಂದು ನಿಯಮವೇ ಹೇಳುತ್ತದೆ. ಆದರೆ ದಿಲ್ಲಿಗೆ ತೆರೆದಿರುವ ಪುಸ್ತಕ ಲೈನಿಗೆ ಏಕೆ ಮುಚ್ಚಿರಬೇಕು?

“ಹೀಗೆ ಕೇಳುತ್ತ ಹೋದರೆ ಅನುದಾನವೇ ನಿಂತೀತು” ಎಂದು ಹೆದರಿಸುವವರಿದ್ದಾರೆ. ವಿಷಯ ತಲೆಕೆಳಗು. ವರ್ಷ ವರ್ಷ ಬರುವ ಅನುದಾನದಲ್ಲಿ, ಹಿಂದಿನ ವರ್ಷದ ಪ್ರಮಾಣಪತ್ರ ಮತ್ತು ಆಡಿಟ್ ಆದ ಲೆಕ್ಕ ಬಾರದೆ, ಮುಂದಿನ ವರ್ಷ ಮಂಜೂರಾದ ಹಣದಲ್ಲಿ ಶೇ. 75ಕ್ಕಿಂತ ಹೆಚ್ಚು ಬಿಡುಗಡೆ ಮಾಡುವಂತಿಲ್ಲ. ಅನುದಾನ ನಿಲ್ಲುವುದು ಲೆಕ್ಕ ಕೊಡದವರಿಂದ, ಕೇಳಿದವರಿಂದಲ್ಲ.

ಇನ್ನು, “ಸೇವೆ ಮಾಡುವವರನ್ನು ಸಂಶಯಿಸುತ್ತೀರಾ?” ಎನ್ನುವವರು. ಲೆಕ್ಕ ಕೇಳುವುದು ಸಂಶಯವಲ್ಲ. ಸಭೆಯ ಹೆಸರು ಹೊತ್ತ ಸಂಸ್ಥೆ ಸರಕಾರದ ಹಣ ಪಡೆದರೂ ಇದೇ ಮಾತು, ನಮ್ಮವರೆಂದು ವಿನಾಯಿತಿ ಬೇಡ.

ಸಂಸ್ಥೆ ತೋರಿಸದಿದ್ದರೆ ಹಣ ಕೊಟ್ಟ ಇಲಾಖೆಯನ್ನೇ ಕೇಳಿ. ಪ್ರಮಾಣಪತ್ರದ ಪ್ರತಿ ಅಲ್ಲಿರುತ್ತದೆ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 30 ದಿನಗಳಲ್ಲಿ ಉತ್ತರ ಬರಬೇಕು. ಕೇಂದ್ರದ ಇಲಾಖೆಗೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಸರಕಾರದ ಹಣದಿಂದಲೇ ಬಹುಮಟ್ಟಿಗೆ ನಡೆಯುವ ಖಾಸಗಿ ಸಂಸ್ಥೆಯೂ ಈ ಕಾಯಿದೆಗೆ ಒಳಪಡುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಒಂದು ತೊಡಕಿದೆ, ಮರೆಮಾಚಬಾರದು. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ನೀಲಗಿರಿಯಲ್ಲಿ ತಮಿಳು, ವಯನಾಡಿನಲ್ಲಿ ಮಲಯಾಳ. ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರು ಇಲ್ಲಿಯೂ ಹೊರಗೆ. ಶಾಲೆಗೆ ಹೋದ ಮಕ್ಕಳಿಂದ ಬರೆಸಿ. ಬರೆಯುವವರೇ ಇಲ್ಲದಿದ್ದರೆ ಮಾಹಿತಿ ಅಧಿಕಾರಿಯ ಮುಂದೆ ಬಾಯಲ್ಲಿ ಹೇಳಿ, ಅದನ್ನು ಬರಹಕ್ಕಿಳಿಸಲು ನೆರವಾಗುವುದು ಅವರ ಕರ್ತವ್ಯವೆಂದು ಕಾಯಿದೆಯಲ್ಲಿದೆ. ಪ್ರತಿ ಕೈಗೆ ಬಂದ ಮೇಲೆ ಸಂಸ್ಥೆಯವರನ್ನು ಒಂದು ಭಾನುವಾರ ಮಧ್ಯಾಹ್ನ ಲೈನಿಗೆ ಕರೆಯಿರಿ. ಪ್ರಯೋಜನ ತಲುಪಿದೆ ಎಂಬ ಆ ಸಾಲನ್ನು ತಾಯಂದಿರ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ.