ಹಳೆಯ ಗಿಟಾರಿಗೆ ಬೇಕಾದುದು ಬೆಸುಗೆ, ಬೀಟೆಯಲ್ಲ

ಘಟ್ಟದ ಊರುಗಳಿಂದ ಓದಲೆಂದು ಇಳಿಯುವ ನಮ್ಮ ಮಕ್ಕಳು ಬಿ.ಸಿ. ರೋಡ್ ದಾಟಿ ಮಂಗಳೂರನ್ನು ಹೊಗುವುದು ಪಂಪ್‌ವೆಲ್ಲಿನಲ್ಲಿ. ಅಲ್ಲಿಯ ಬಾಡಿಗೆ ಕೋಣೆಗಳಲ್ಲಿ ಅಗ್ಗದ ಎಲೆಕ್ಟ್ರಿಕ್ ಗಿಟಾರೊಂದು ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ಸಾಗುತ್ತ ಮೂರು ನಾಲ್ಕು ಕೈ ಬದಲಿಸುತ್ತದೆ. ಒಂದು ದಿನ ಅದು ಕರಕರ ಎನ್ನತೊಡಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ಆಗ ಬರುವ ತೀರ್ಪು ಒಂದೇ: "ಇದು ಇನ್ನು ಆಗ್ಲಿಕ್ಕಿಲ್ಲ ಮಾರಾಯ, ಹೊಸತು ತೆಗೊ." ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಗಿಟಾರ್ ಪರದೇಶದ ಸೋಗು, ಅದಕ್ಕೂ ಪರಿಸರಕ್ಕೂ ಏನು ಸಂಬಂಧ ಎಂದು ನಮ್ಮೊಳಗಿನ ಹಿರಿಯರು ಮೂಗು ಮುರಿಯಬಹುದು. ಭಜನಾ ಮಂದಿರದ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದುದೇ. ಸಂಬಂಧವಿರುವುದು ಮರದಲ್ಲಿ. ಗಿಟಾರಿನ ಕೊರಳ ಮೇಲೆ ಬೆರಳು ಓಡುವ ಪಟ್ಟಿಗೆ ಲೋಕವೆಲ್ಲ ಬಯಸಿದ್ದು ನಮ್ಮ ಬೀಟೆಯನ್ನು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳಲ್ಲಿ ವಶಪಡಿಸಿಕೊಂಡ ಮರದಲ್ಲಿ ಭಾರತದಿಂದ ಹೋದ ಬೀಟೆಯೂ ಇತ್ತು. 2017ರ ಜನವರಿಯಿಂದ ಬೀಟೆಯ ಕುಲವೆಲ್ಲ ಸೈಟ್ಸ್ ಒಪ್ಪಂದದ ನಿರ್ಬಂಧಕ್ಕೆ ಒಳಪಟ್ಟಿತು. ಎರಡೇ ವರ್ಷಗಳ ಬಳಿಕ, 2019ರಲ್ಲಿ, ಸಿದ್ಧಗೊಂಡ ವಾದ್ಯಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ತನ್ನ ತೋಟದಲ್ಲಿ ಬಿದ್ದ ಬೀಟೆಯನ್ನು ಸಾಗಿಸಲು ಇಲಾಖೆಯ ಪರವಾನಗಿಗಾಗಿ ಅಲೆಯುವ ಮಲೆನಾಡಿನ ರೈತ ಈ ವಿನಾಯಿತಿಯ ಸೊಗಸನ್ನು ಬಲ್ಲ! ನಡುವಿನ ಅವಧಿಯಲ್ಲಿ ಸ್ಕ್ವಯರ್‌ನಂಥ ಅಗ್ಗದ ಗಿಟಾರುಗಳು 'ಇಂಡಿಯನ್ ಲಾರೆಲ್' ಎಂಬ ಹೊಸ ಮರಕ್ಕೆ ಹೊರಳಿದವು. ಹೆಸರು ಕೇಳಿ ಬೆರಗಾಗಬೇಕಿಲ್ಲ, ಅದು ನಮ್ಮ ಮತ್ತಿ. ಬೀಟೆಯನ್ನು ಬಿಟ್ಟವರು ಹಿಡಿದುದು ಅದೇ ಕಾಡಿನ ಇನ್ನೊಂದು ಮರವನ್ನು.

ಹೀಗಿರುವಾಗ, ಆಗಲೇ ಕಡಿದು ವಾದ್ಯವಾಗಿರುವ ಮರವನ್ನು ಗುಜರಿಗೆ ಹಾಕುವುದು ಯಾವ ನ್ಯಾಯ? ಕೆಟ್ಟಿರುವುದು ಮರವಲ್ಲ. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಮೊದಲು ತಿನ್ನುವುದು ಲೋಹವನ್ನು. ಧ್ವನಿಯ ಗುಂಡಿ ತಿರುಗಿಸಿದಾಗ ಕೇಳುವ ಕರಕರ, ಅದರಡಿಯ ಪಾಟ್‌ನೊಳಗೆ ಕೂತ ದೂಳು ಮತ್ತು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಹತ್ತಾರು ಬಾರಿ ತಿರುಗಿಸಿದರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಪಾಟ್ ಬದಲಿಸಬೇಕು: ಒಂಟಿ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಜೋಡಿ ಸುರುಳಿಯದಕ್ಕೆ 500 ಎಂಬುದು ರೂಢಿ. ವೈರ್ ಅಲುಗಿದಾಗ ಸದ್ದು ಕಡಿದರೆ ಜ್ಯಾಕ್‌ನ ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಅದರ ನಾಲಗೆ ಸಡಿಲಾಗಿರುತ್ತದೆ. ರೇಡಿಯೋ ರಿಪೇರಿ ಬಲ್ಲ ಯಾರಿಗಾದರೂ ಇದು ಅರ್ಧ ಗಂಟೆಯ ಕೆಲಸ. (ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ, ಕಿಟಕಿ ತೆರೆದಿಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.) ಶ್ರುತಿ ಜಾರುವುದಕ್ಕೆ ಎಲ್ಲರೂ ಬಿರಡೆಯನ್ನು ದೂರುತ್ತಾರೆ. ಹಲವು ಬಾರಿ ತಪ್ಪು ಬಿರಡೆಯದಲ್ಲ, ಕೊರಳ ತುದಿಯ ನಟ್‌ನದು. ಅದರ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತದೆ. ಪೆನ್ಸಿಲ್ಲಿನ ಸೀಸದ ಪುಡಿ ಅಲ್ಲಿಗೆ ಸಾಕು. ಹಲ್ಲು ಸವೆದ ಬಿರಡೆಯನ್ನು ಮಾತ್ರ ಬದಲಿಸಿ, ಹೊಸತು ಹಳೆಯ ತೂತಿಗೇ ಕೂರುವಂತೆ ಅಳತೆ ನೋಡಿ ತನ್ನಿ.

ಆದರೆ ದುರಸ್ತಿಯ ಹೆಸರಿನಲ್ಲಿಯೇ ಕೊಳ್ಳುಬಾಕತನ ಹಿಂಬಾಗಿಲಿನಿಂದ ನುಸುಳುತ್ತದೆ. ಸರಿಯಿರುವ ಪಿಕಪ್ಪನ್ನು ಕಿತ್ತು, ಗಿಟಾರಿಗಿಂತ ಹೆಚ್ಚು ಬೆಲೆಯ ಆಮದು ಪಿಕಪ್ ಜೋಡಿಸುವುದು ಇಂದಿನ ಹುಚ್ಚು. ಅಗ್ಗದ ಪಿಕಪ್‌ನ ಅಡಿಯಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಅಯಸ್ಕಾಂತ. ದುಬಾರಿಯದರಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಆಲ್ನಿಕೋ. ಆ ಕೋಬಾಲ್ಟಿನ ಬಹುಭಾಗ ಬರುವುದು ಕಾಂಗೋದ ಗಣಿಗಳಿಂದ. ಗಣಿಯೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2005ರ ಕೊನೆಯವರೆಗೂ ಕುದುರೆಮುಖದ ಬೆಟ್ಟ ಕೊಳವೆಯಲ್ಲಿ ಕೆಸರಾಗಿ ಹರಿದು ಇದೇ ಮಂಗಳೂರಿನ ಪಣಂಬೂರಿಗೆ ಇಳಿಯಿತು. ಪಿಕಪ್ಪನ್ನು ಬದಲಿಸುವ ಮೊದಲು ತಿರುಪು ಹಿಡಿದು ತಂತಿಗೆ ಅದರ ಅಂತರ ಹೊಂದಿಸಿ ನೋಡಿ, ಹೊಸ ತಂತಿ ಕಟ್ಟಿ ನೋಡಿ. ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿ ಅರ್ತ್‌ಗೆ ಜೋಡಿಸಿದರೆ ಗುಂಯ್‌ಗುಡುವಿಕೆಯೂ ಎಷ್ಟೋ ಇಳಿಯುತ್ತದೆ. ಇಷ್ಟಾದ ಮೇಲೂ ಕಿವಿ ಒಪ್ಪದಿದ್ದರೆ ಮಾತ್ರ ಹೊಸತರ ಮಾತು.

ಅಂಗಡಿಯವರು ಹೇಳುವುದು, ಬಿಡಿಭಾಗ ಸಿಗುವುದಿಲ್ಲ, ತರಿಸಿದರೆ ಹತ್ತು ದಿನ ಬೇಕು ಎಂದು. ಪಂಪ್‌ವೆಲ್ಲಿನ ಮೇಲ್ಸೇತುವೆಗಾಗಿ ಹತ್ತಿರ ಹತ್ತಿರ ಹತ್ತು ವರ್ಷ ಕಾದು, 2020ರ ಜನವರಿ 31ರಂದು ಅದು ತೆರೆಯುವುದನ್ನು ಕಂಡ ಊರು ಒಂದು ಜ್ಯಾಕ್‌ಗಾಗಿ ಹತ್ತು ದಿನ ಕಾಯಲಾರದೆ? ಹೊಸ ಗಿಟಾರುಗಳ ಸಾಲನ್ನು ಒಂದು ಮೊಳ ಸರಿಸಿ, ಅಲ್ಲಿ ಪಾಟ್, ಜ್ಯಾಕ್, ನಟ್, ಬಿರಡೆಗಳನ್ನು ಬಿಡಿಯಾಗಿ ಮಾರಲು ವರ್ತಕರು ಇಡಬೇಕು. ಕೇಳುವವರಿಲ್ಲದೆ ಅವರು ಇಡಲಾರರು. ಕೇಳುವ ಕೆಲಸ ವಿದ್ಯಾರ್ಥಿಗಳದು. ಬೆಸುಗೆಕಡ್ಡಿ ಹಿಡಿಯಲು ಐ.ಟಿ.ಐ., ಪಾಲಿಟೆಕ್ನಿಕ್‌ಗಳ ಗೆಳೆಯರಿದ್ದಾರೆ. ಕಳಚಿದ ಭಾಗಗಳನ್ನು ಕಸದ ಬುಟ್ಟಿಗೆ ಹಾಕದೆ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ. ಗುಂಡಿ, ತಿರುಪು, ಸ್ಪ್ರಿಂಗ್ ಒಂದು ಗಿಟಾರಿನಿಂದ ಇನ್ನೊಂದಕ್ಕೆ ಒದಗುತ್ತವೆ.