ಕಾಲೂರಿದರೆ ಒಂದು ಅಂಕ

ಹೋದ ವಾರ ನಮ್ಮ ಕೊಬ್ಬರಿ ಅಟ್ಟದ ಇಲಿಗಳ ಕಥೆ ಹೇಳಿದ್ದೆನಲ್ಲ ಮಕ್ಕಳೇ, ಅದರ ಮುಂದಿನ ಭಾಗ ಇದು. ಇಲಿ ಹುಡುಕುತ್ತಾ ಹೋದ ಮೊಮ್ಮಗಳು ಅಟ್ಟದ ಕೆಳಗಿನ ಮೂಲೆಯಲ್ಲಿ ಗೋಣಿಚೀಲ ಎಳೆದಳು. ಒಳಗೆ ನನ್ನ ಯೆಜ್ಡಿ.

"ತಾತ, ಇದು ಓಡುತ್ತಾ?"

"ಓಡ್ತಿತ್ತು ಕಣವ್ವ."

ಒಂಬತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. 1983ರಲ್ಲಿ ನಾನು ಗಣಿತದ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದಾಗ ನಮ್ಮಪ್ಪ ಕೊಡಿಸಿದ ಗಾಡಿ ಅದು. ಪಟ್ಟಣದ ಮಕ್ಕಳಿಗೆ ಒಂದು ಮಾತು: ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ ಅದು ಉಂಡೆ ಕೊಬ್ಬರಿಯಾಗುತ್ತದೆ. ಆ ವರ್ಷದ ಅಟ್ಟವೆಲ್ಲ ತಿಪಟೂರಿನ ಮಾರುಕಟ್ಟೆಗೆ ಹೋಯಿತು, ಯೆಜ್ಡಿ ಮನೆಗೆ ಬಂತು.

ಅದು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. 1961ರಲ್ಲಿ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ ಬರಲು ಶುರುವಾಯಿತು. ಮೊದಲು ಜೆಕೊಸ್ಲೊವಾಕಿಯದ 'ಜಾವಾ' ಎಂಬ ಹೆಸರು, 1970ರ ದಶಕದಲ್ಲಿ 'ಯೆಜ್ಡಿ' ಆಯಿತು. ಜಾವಾ ಅಂದರೆ ಊರಿನ ಹೆಸರಲ್ಲ, ಚಹಾ ಕಾಫಿಯೂ ಅಲ್ಲ. ಯಾನೆಚೆಕ್ ಎಂಬ ಎಂಜಿನಿಯರನ ಹೆಸರಿನ ಮೊದಲ ಎರಡು ಅಕ್ಷರಕ್ಕೆ ವಾಂಡರರ್ ಎಂಬ ಕಂಪನಿಯ ಮೊದಲ ಎರಡು ಅಕ್ಷರ ಸೇರಿಸಿದ್ದು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಗಾಡಿ ಇಟ್ಟುಕೊಂಡವರು ಬಿಡಲಿಲ್ಲ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ 'ಜಾವಾ ದಿನ' ಅಂತ ಬೆಂಗಳೂರಿನಲ್ಲಿ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ನಾನು ಒಮ್ಮೆಯೂ ಹೋಗಿರಲಿಲ್ಲ.

"ಈ ಸಲ ಹೋಗೋಣ" ಅಂದಳು ಮೊಮ್ಮಗಳು. ನನಗೂ ಆಸೆ ಹುಟ್ಟಿತು.

ಮಗ ಮಾತ್ರ ಒಪ್ಪಲಿಲ್ಲ. "ಅಪ್ಪ, ನಿಮಗೆ ಅರವತ್ತೆಂಟು. ಎರಡು ವರ್ಷದ ಹಿಂದೆ ತೋಟದಲ್ಲಿ ಜಾರಿ ಎಡ ಮಂಡಿ ಪೆಟ್ಟು ಮಾಡಿಕೊಂಡಿದ್ದೀರಿ. ಆ ಗಾಡಿಯ ಕಿಕ್ಕರೂ ಎಡಕ್ಕೇ, ಗೇರೂ ಎಡಕ್ಕೇ. ಕೊಳ್ಳೋರು ಇದ್ದಾರೆ, ಕೊಟ್ಟುಬಿಡೋಣ" ಅಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯೆಜ್ಡಿಯಲ್ಲಿ ಗೇರು ಹಾಕುವ ಸರಳೇ ಕಿಕ್ಕರ್ ಕೂಡ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆತ್ತಿ ಒದೆಯಬೇಕು.

ಮಾರುವುದಾದರೂ ಗಾಡಿ ಓಡಬೇಕಲ್ಲ ಎಂಬ ನೆಪದಲ್ಲಿ ರಿಪೇರಿ ಶುರುಮಾಡಿದೆ. ಟ್ಯಾಂಕಿನೊಳಗೆ ಕೆಂಪಗೆ ತುಕ್ಕು. ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ನಾನೂ ಮೊಮ್ಮಗಳೂ ಆಚೆ ಈಚೆ ಹಿಡಿದು, ಮಜ್ಜಿಗೆ ಕಡೆದ ಹಾಗೆ ಅಲುಗಿಸಿದೆವು. ಇಡೀ ಬೀದಿಗೆ ಕೇಳಿಸಿತು. ಎರಡು ಸೈಲೆನ್ಸರ್‌ಗಳ ಒಳಗಿನ ಕೊಳವೆಗಳಿಗೆ ಎಣ್ಣೆಮಸಿ ಕಟ್ಟಿತ್ತು. ಅವನ್ನು ಬಿಚ್ಚಿ ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ಸುಟ್ಟೆ. ಚಿಪ್ಪಿನ ಕಾವಿಗೆ ಮಸಿ ಹಪ್ಪಳದಂತೆ ಎದ್ದು ಬರುತ್ತದೆ. (ಇದು ಮಕ್ಕಳ ಕೆಲಸವಲ್ಲ, ದೂರ ನಿಂತು ನೋಡಿ.) ಕಾರ್ಬುರೇಟರಿನ ಜೆಟ್ಟಿನ ತೂತು ಕಟ್ಟಿತ್ತು, ಊದಿ ಬಿಡಿಸಿದೆ. ಹಳೇ ಗಾಡಿಯಾದ್ದರಿಂದ ಆರ್‌ಸಿ ನವೀಕರಣ, ವಿಮೆ, ಹೊಗೆ ತಪಾಸಣೆ ಎಲ್ಲ ಆಗಬೇಕಿತ್ತು, ಅದೂ ಆಯಿತು.

ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ನಾನು ಹಾಕುವುದು ಲೀಟರಿಗೆ 40 ಮಿಲಿಲೀಟರು. ಹಾಗಾದರೆ ಏಳೂವರೆ ಲೀಟರಿಗೆ ಎಷ್ಟು? ಮೊಮ್ಮಗಳು ಬಾಯಲ್ಲೇ 300 ಅಂದಳು. ನೀವೂ ಅಷ್ಟೇ ಅಂದಿರಿ ತಾನೆ?

ಹನ್ನೆರಡನೇ ಒದೆತಕ್ಕೆ ಡುಗ್ ಡುಗ್ ಅಂತು. ಅಂಗಳವೆಲ್ಲ ನೀಲಿ ಹೊಗೆ. ಮನೆಯಾಕೆ ಕೆಮ್ಮುತ್ತಾ ಹೊರಗೆ ಬಂದು, "ಏನ್ರೀ, ಸೊಳ್ಳೆನಾದ್ರೂ ಹೋಗ್ತವೆ ಬಿಡಿ" ಅಂದಳು.

ಆಗ ಮಗ ಒಂದು ಪರೀಕ್ಷೆ ಇಟ್ಟ. ಮೊಬೈಲಿನಲ್ಲಿ 'ಟ್ರಯಲ್ಸ್' ಎಂಬ ಆಟ ತೋರಿಸಿದ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಊರಿನ ಸುತ್ತ ಪ್ರತಿ ಮೇ ತಿಂಗಳು ಆರು ದಿನ ನಡೆಯುತ್ತದಂತೆ. 1965ಕ್ಕೂ ಹಿಂದಿನ ಗಾಡಿಗಳಿಗೆಂದೇ ಬೇರೆ ಪಂದ್ಯಗಳೂ ಇವೆ. ಅಲ್ಲಿ ಯಾರು ಮೊದಲು ಎಂಬ ಲೆಕ್ಕವಿಲ್ಲ. ಬಂಡೆ, ಕೆಸರು, ಹಳ್ಳದ ಮೇಲೆ ಕಾಲೂರದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಮೂರು ಅಥವಾ ಹೆಚ್ಚು ಸಲಕ್ಕೆ 3, ಬಿದ್ದರೆ 5. ಕಡಿಮೆ ಅಂಕ ಬಂದವನೇ ಗೆದ್ದ! ಗಣಿತದ ಮೇಷ್ಟ್ರಿಗೆ ಇಂಥ ಉಲ್ಟಾ ಪರೀಕ್ಷೆ.

"ತೋಟದಲ್ಲಿ ಮೂರು ಸುತ್ತು. ಒಟ್ಟು ಎರಡು ಅಂಕ ದಾಟಿದರೆ ಬೆಂಗಳೂರು ಇಲ್ಲ" ಅಂದ ಮಗ.

ಕಾಲುವೆ, ಬದು, ಬಿದ್ದ ಗರಿಗಳು, ಮರದ ಪಾತಿಗಳ ನಡುವೆ ಹಾವಿನಂತೆ ದಾರಿ. ಮೊದಲ ದಿನ ಹನ್ನೊಂದು ಅಂಕ! ಎಡಗಾಲು ನನ್ನ ಮಾತು ಕೇಳುತ್ತಲೇ ಇರಲಿಲ್ಲ, ಗಾಡಿ ವಾಲುವ ಮುಂಚೆಯೇ ಹೆದರಿ ನೆಲಕ್ಕಿಳಿಯುತ್ತಿತ್ತು. ಒಂದು ಪಾತಿಯಲ್ಲಿ ಬಿದ್ದೂ ಬಿದ್ದೆ. ಮೊಮ್ಮಗಳು ಓಡಿ ಬಂದು ಎಬ್ಬಿಸಿದಳು, ಆಮೇಲೆ ಪುಸ್ತಕದಲ್ಲಿ 5 ಬರೆದಳು. ಆ ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಮಗ ಹೇಳಿದ್ದೇ ಸರಿ, ಕೊಟ್ಟುಬಿಡೋಣ ಅನ್ನಿಸಿದ್ದು ನಿಜ.

ಸೋಮವಾರ ಅವಳು ನನ್ನನ್ನು ಕಲ್ಲೇಶ್ವರನ ಗುಡಿಗೆ ಎಳೆದುಕೊಂಡು ಹೋದಳು. ನಮ್ಮ ಅರಳಗುಪ್ಪೆಗೆ ಬಂದವರೆಲ್ಲ ಕತ್ತೆತ್ತಿ ನೋಡುವುದು ಅದರ ಚಾವಣಿಯನ್ನೇ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ಒಂಬತ್ತನೇ ಶತಮಾನದ ಕೆತ್ತನೆ. "ನೋಡು ತಾತ, ಸಾವಿರ ವರ್ಷದಿಂದ ಕುಣೀತಿದ್ದಾನೆ, ಒಂದ್ಸಲಾನೂ ಬಿದ್ದಿಲ್ಲ."

"ಅವನ ಕೈಗೆ ಯೆಜ್ಡಿ ಕೊಡು, ನೋಡೋಣ" ಅಂದೆ. ಅರ್ಚಕರೂ ನಕ್ಕರು.

ಮೂರು ವಾರ ದಿನಾ ಬೆಳಿಗ್ಗೆ ಅಭ್ಯಾಸ. ಕಣ್ಣು ಚಕ್ರದ ಮೇಲಿದ್ದರೆ ಗಾಡಿ ವಾಲುತ್ತದೆ, ಮುಂದಿನ ಮರದ ಮೇಲಿಟ್ಟರೆ ನೆಟ್ಟಗೆ ಹೋಗುತ್ತದೆ. ಇದು ತಿಳಿಯುವುದಕ್ಕೇ ಒಂದು ವಾರ ಹಿಡಿಯಿತು. ಹನ್ನೊಂದು ಏಳಾಯಿತು, ಏಳು ನಾಲ್ಕಾಯಿತು.

ಕಳೆದ ಭಾನುವಾರ ಪರೀಕ್ಷೆ. ಮಗ ಬದುವಿನ ಮೇಲೆ ಕೈಕಟ್ಟಿ ನಿಂತ. ಮೊದಲ ಸುತ್ತು ಸೊನ್ನೆ. ಎರಡನೆಯದೂ ಸೊನ್ನೆ. ಮೂರನೆಯದರಲ್ಲಿ, ಇನ್ನೇನು ಕಾಲುವೆ ದಾಟಿದೆ ಅನ್ನುವಾಗ ಪಕ್ಕದ ತೋಟದ ಕೋಳಿಯೊಂದು ಅಡ್ಡ ಬಂತು. ಕಾಲೂರಿದೆ. ನೋಯುವ ಎಡಗಾಲೇ. ಆದರೆ ನಿಂತಿತು.

"ಕೋಳಿ ಬಂದದ್ದು ನನ್ನ ತಪ್ಪಾ? ಅಳಿಸು" ಅಂದೆ.

"ಬೆಂಗಳೂರಲ್ಲಿ ಕೋಳಿಗಿಂತ ದೊಡ್ಡವು ಅಡ್ಡ ಬರ್ತವೆ ತಾತ" ಅಂದು 1 ಬರೆದೇಬಿಟ್ಟಳು. ಮಗನ ಮುಖದಲ್ಲಿ ನಗು ಬಂತು, ಆದರೆ ಅವನೂ ಷರತ್ತು ಹಾಕದೆ ಬಿಡಲಿಲ್ಲ. ಯೆಜ್ಡಿಯ ದೀಪ ಮಂಕು, ಕತ್ತಲಲ್ಲಿ ಹೊರಡುವಂತಿಲ್ಲ. ಶನಿವಾರವೇ ಹೊರಟು ತುಮಕೂರಿನ ತಂಗಿ ಮನೆಯಲ್ಲಿ ರಾತ್ರಿ ತಂಗಬೇಕು. ಅವನು, ಮೊಮ್ಮಗಳು, ಮನೆಯಾಕೆ ಕಾರಿನಲ್ಲಿ ಹಿಂದೆ ಬರುತ್ತಾರೆ.

ಎರಡು ಸ್ಪಾರ್ಕ್ ಪ್ಲಗ್, ಒಂದು ಕ್ಲಚ್ ಕೇಬಲ್, ಎಣ್ಣೆ ಡಬ್ಬಿ ಕಟ್ಟಿಟ್ಟಿದ್ದೇನೆ. ಮನೆಯಾಕೆ ಅದರ ಪಕ್ಕದಲ್ಲಿ ಮಂಡಿಯ ಪಟ್ಟಿಯನ್ನೂ ಕೊಬ್ಬರಿ ಮಿಠಾಯಿಯನ್ನೂ ಇಟ್ಟಿದ್ದಾಳೆ. ಮಿಠಾಯಿ ಈಗಾಗಲೇ ಅರ್ಧ ಖಾಲಿ. ಈ ಸಲ ಇಲಿಯಲ್ಲ.