ಪಾಚಿ ಎಣ್ಣೆ: 2025 ಬಂತು, ಹೋಯ್ತು

2009ರ ಜುಲೈನಲ್ಲಿ ತೈಲ ದೈತ್ಯ ಎಕ್ಸಾನ್‌ಮೊಬಿಲ್ ಒಂದು ಘೋಷಣೆ ಮಾಡಿತು. ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿ ಜೊತೆ ಸೇರಿ ಪಾಚಿಯಿಂದ ಇಂಧನ ತೆಗೀತೀವಿ, ಎಲ್ಲ ಸರಿಹೋದ್ರೆ 60 ಕೋಟಿ ಡಾಲರ್‌ವರೆಗೂ ಹಾಕ್ತೀವಿ ಅಂತ. ನಮ್ಮ ಇಂಜಿನಿಯರಿಂಗ್ ದಿನಗಳಲ್ಲಿ ಸೆಮಿನಾರಿಗೆ ವಿಷಯ ಸಿಗದವರೆಲ್ಲ ಇದನ್ನೇ ಎತ್ಕೊಳ್ತಿದ್ರು. ನಾನೂ ಎತ್ಕೊಂಡಿದ್ದೆ.

ಕೇಳೋಕೆ ಚೆನ್ನಾಗೇ ಇತ್ತು. ಅನ್ನ ಬೆಳೆಯೋ ಜಮೀನು ಬೇಡ, ಉಪ್ಪುನೀರಾದ್ರೂ ನಡೆಯುತ್ತೆ, ಒಂದು ಕೆಜಿ ಒಣ ಪಾಚಿ ಬೆಳೆಯೋಷ್ಟರಲ್ಲಿ ಸುಮಾರು 1.8 ಕೆಜಿ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿರುತ್ತೆ. 2018ರಲ್ಲಿ ಕಂಪನಿ ಗುರಿಯನ್ನೂ ಹೇಳಿತು: 2025ಕ್ಕೆ ದಿನಕ್ಕೆ 10,000 ಬ್ಯಾರೆಲ್ ತೆಗೆಯುವ ತಾಂತ್ರಿಕ ಸಾಮರ್ಥ್ಯ. ಜಗತ್ತು ದಿನಕ್ಕೆ ಸುಡೋದು ಸುಮಾರು 10 ಕೋಟಿ ಬ್ಯಾರೆಲ್. ಅಂದ್ರೆ ಗುರಿ ಮುಟ್ಟಿದ್ದರೂ ಸಿಗ್ತಿದ್ದದ್ದು ಹತ್ತು ಸಾವಿರದಲ್ಲಿ ಒಂದು ಪಾಲು. ಜಾಹೀರಾತಿನಲ್ಲಿ ಮಾತ್ರ ಹಸಿರೋ ಹಸಿರು. 2023ರ ಆರಂಭದಲ್ಲಿ, ಸದ್ದಿಲ್ಲದೆ, ಕಂಪನಿ ಕೈತೊಳೆದುಕೊಂಡಿತು.

ಎಡವಿದ್ದೆಲ್ಲಿ? ನೀರಿನಲ್ಲಿ. ತೆರೆದ ಕೊಳದಲ್ಲಿ ಪಾಚಿ ಎಷ್ಟೇ ದಟ್ಟವಾಗಿ ಕಂಡರೂ ಲೀಟರಿಗೆ ಇರೋದು ಹೆಚ್ಚುಕಡಿಮೆ ಅರ್ಧ ಗ್ರಾಂ. ಒಂದು ಕೆಜಿ ಒಣ ಪಾಚಿಗೆ 2,000 ಲೀಟರ್ ನೀರು ಸೋಸಬೇಕು, ಆಮೇಲೆ ಒಣಗಿಸಬೇಕು. ಆ ವಿದ್ಯುತ್ ಎಲ್ಲಿಂದ ಬರುತ್ತೆ? ಇನ್ನೊಂದು ಇಕ್ಕಟ್ಟು: ಸಾರಜನಕ ಕೊಡದೆ ಉಪವಾಸ ಕೆಡವಿದರೆ ಪಾಚಿ ಎಣ್ಣೆ ಕೂಡಿಟ್ಟುಕೊಳ್ಳುತ್ತೆ, ಆದರೆ ಬೆಳೆಯೋದು ನಿಲ್ಲಿಸುತ್ತೆ. ಸಾರಜನಕ ಕೊಟ್ಟರೆ ಬೆಳೆಯುತ್ತೆ, ಎಣ್ಣೆ ಕಡಿಮೆ. 2017ರಲ್ಲಿ ಇದೇ ಜೋಡಿ ಒಂದು ತಳಿಯ ಜೀನ್ ತಿದ್ದಿ ಎಣ್ಣೆಯಂಶವನ್ನು ಶೇ. 20ರಿಂದ 40 ದಾಟಿಸಿತು, ಬೆಳವಣಿಗೆಗೆ ದೊಡ್ಡ ಪೆಟ್ಟು ಬೀಳದಂತೆ. ಒಳ್ಳೆಯ ವಿಜ್ಞಾನವೇ, ಅನುಮಾನವಿಲ್ಲ. ಆದರೆ ಪ್ರಯೋಗಾಲಯದ ಗಾಜಿನ ಪಾತ್ರೆಗೂ ಎಕರೆಗಟ್ಟಲೆ ಕೊಳಕ್ಕೂ ಬಹಳ ದೂರ.

ಇದೆಲ್ಲ ಮೊದಲೇ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಅಮೆರಿಕ ಸರ್ಕಾರವೇ 1978ರಿಂದ 1996ರವರೆಗೆ ಪಾಚಿ ಸಂಶೋಧನೆ ನಡೆಸಿ, ಪೆಟ್ರೋಲಿಯಂ ಮುಂದೆ ಈ ಖರ್ಚು ಗಿಟ್ಟಲ್ಲ ಅಂತ ಕೈಬಿಟ್ಟಿತ್ತು. ದೇಶದ ಸಾರಿಗೆ ಇಂಧನದ ಶೇ. 5ರಷ್ಟನ್ನು ಪಾಚಿಯಿಂದ ತೆಗೆಯಹೊರಟರೂ ನೀರು, ಶಕ್ತಿ, ಗೊಬ್ಬರದ ಬೇಡಿಕೆ ತಾಳಿಕೊಳ್ಳೋಕಾಗಲ್ಲ ಅಂತ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲೇ ಹೇಳಿತ್ತು. ನನ್ನ ಪ್ರಕಾರ ತೈಲ ಕಂಪನಿಗೆ ಪಾಚಿ ಕೊಟ್ಟ ದೊಡ್ಡ ಇಳುವರಿ ಎಣ್ಣೆಯಲ್ಲ, ಸಮಯ. 'ನಾಳೆ ಹಸಿರು ಇಂಧನ ಬರುತ್ತೆ' ಅನ್ನೋ ಭರವಸೆಯ ನೆರಳಲ್ಲಿ ಇವತ್ತಿನ ಕಚ್ಚಾತೈಲ ಆರಾಮಾಗಿ ಹರಿಯಿತು.

ನಮಗ್ಯಾಕೆ ಈ ಕಥೆ? ನಮ್ಮ 2018ರ ಜೈವಿಕ ಇಂಧನ ನೀತಿಯ ಕಚ್ಚಾವಸ್ತುಗಳ ಪಟ್ಟಿಯಲ್ಲೂ ಪಾಚಿ ಇದೆ. ಅಂತಾರಾಷ್ಟ್ರೀಯ ವಿಮಾನಗಳಿಗೆ 2027ರಿಂದ ಶೇ. 1, 2030ಕ್ಕೆ ಶೇ. 5 ಹಸಿರು ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಇಟ್ಟುಕೊಂಡಿದೆ. ಕರಿದ ಎಣ್ಣೆ ಎಷ್ಟಂತ ಸಿಗುತ್ತೆ? ಎಥನಾಲ್ ಅಂದ್ರೆ ಕಬ್ಬು, ಮೆಕ್ಕೆಜೋಳ, ಅಕ್ಕಿ. ಹಾಗಾಗಿ ಪಾಚಿಯ ಪಿಪಿಟಿ ಮತ್ತೆ ಬಂದೇ ಬರುತ್ತೆ.

ಹಾಗಂತ ಪಾಚಿಗೆ ಕೆಲಸವೇ ಇಲ್ಲ ಅಂತಲ್ಲ. ಕೊಳಚೆ ನೀರಿನ ಸಾರಜನಕ, ರಂಜಕವನ್ನು ಅದು ಪುಕ್ಕಟೆ ತಿನ್ನುತ್ತೆ; ಅಲ್ಲಿ ನೀರು ಶುದ್ಧಿಯೇ ಮುಖ್ಯ ಕೆಲಸ, ಎಣ್ಣೆ ಬಂದರೆ ಲಾಭ. ಆದರೆ ಯಾರಾದರೂ ಮಂತ್ರಿ ಕೊಳದ ಪಕ್ಕ ನಿಂತು ಹಸಿರು ಬಾಟಲಿ ಎತ್ತಿ ಹಿಡಿದರೆ ಎರಡು ಪ್ರಶ್ನೆ ಕೇಳಿ. ಒಂದು ಲೀಟರಿಗೆ ಒಳಗೆ ಹೋದ ವಿದ್ಯುತ್ ಎಷ್ಟು? ಗೊಬ್ಬರ ಯಾರ ಹೊಲದ್ದು?